ಬಾತ್ ಒತ್ತಬೇಕೇ, ರೂಪಾಯಿ ಒತ್ತಬೇಕೇ?

ನಮ್ಮ ಸಂಪಿಗೆ ಕಡೆಯ ತೆಂಗು ಬೆಳೆಗಾರರ ಮನೆಗಳಿಂದ ವಿದೇಶಕ್ಕೆ ಹೋಗಿ ಬರುವವರು ಈಗ ಹೆಚ್ಚಾಗಿದ್ದಾರೆ. ಮಗಳ ಬಾಣಂತನಕ್ಕೆ, ಮಗನ ಮನೆ ನೋಡುವುದಕ್ಕೆ ಹೋಗುವವರು ಮೊದಲಿನಿಂದಲೂ ಇದ್ದರು. ಊರು ನೋಡಿ ಬರೋಣ ಎಂದೇ ಹೊರಡುವವರು ಇತ್ತೀಚಿನವರು. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಡಲು ಶುರು ಮಾಡಿತು. ಇತ್ತ 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದನ್ನು ದಾಟಿ ಬಹಳ ಮೇಲಕ್ಕೆ ಹೋಯಿತು. ಅಟ್ಟದ ಮೇಲೆ ಕಾಯಿ ಇದ್ದವರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಹೀಗೆ ಅಕ್ಕ-ಭಾವ, ತಮ್ಮನ ಸಂಸಾರ, ನಾವು ಎಲ್ಲರೂ ಸೇರಿ ಬ್ಯಾಂಕಾಕ್‌ಗೆ ಹೊರಟೆವು. ಖರ್ಚಿನ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಆ ಲೆಕ್ಕ ಬರೆಯುತ್ತ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ವಿದೇಶದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಎಷ್ಟು ದುಡ್ಡು ಹೆಚ್ಚುವರಿ ಹೋಗುತ್ತದೆ ಎನ್ನುವುದು ಬಹುಪಾಲು ನಮ್ಮ ಕೈಯಲ್ಲೇ ಇದೆ. ಅದರಲ್ಲಿ ಅರ್ಧ ಊರು ಬಿಡುವ ಮೊದಲೇ ತೀರ್ಮಾನವಾಗುತ್ತದೆ, ಇನ್ನರ್ಧ ಅಂಗಡಿಯವರು ಮಿಷನ್ ನಮ್ಮ ಮುಂದೆ ಹಿಡಿದ ಆ ಅರೆಗಳಿಗೆಯಲ್ಲಿ.

ಮನೆಯಲ್ಲೇ ಓದಬೇಕಾದ ಪಟ್ಟಿ

ಕೊಬ್ಬರಿ ಮಾರಿ ಬಂದವರು ಮಂಡಿಯ ಪಟ್ಟಿಯನ್ನು ಹೇಗೆ ಓದುತ್ತಾರೆ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಧಾರಣೆ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು ಹಿಡಿದರು, ಕೊನೆಗೆ ಕೈಗೆ ಬಂದದ್ದು ಎಷ್ಟು ಎಂದು ಸಾಲು ಸಾಲಾಗಿ ನೋಡುತ್ತಾರೆ. ಕಾರ್ಡಿನ ಷರತ್ತುಗಳನ್ನೂ ಬಿಲ್ಲನ್ನೂ ಹಾಗೆಯೇ ಸಾಲು ಬಿಡಿಸಿ ಓದಬೇಕು.

ಹೊರಡುವ ಮೊದಲು ಅಣ್ಣನ ಮಗಳಿಗೆ ಫೋನ್ ಮಾಡಿದ್ದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವಳು ಅವಳು. "ಚಿಕ್ಕಪ್ಪ, ಕಾರ್ಡ್ ಜೊತೆ ಒಂದು ಪುಸ್ತಕ ಬಂದಿರತ್ತಲ್ಲ, ಅದ್ರಲ್ಲಿ ಫಾರಿನ್ ಕರೆನ್ಸಿ ಮಾರ್ಕಪ್ ಅಂತ ಇರೋ ಸಾಲು ಹುಡುಕಿ. ಇಬ್ಬರ ಕಾರ್ಡ್‌ದೂ ನೋಡಿ, ಕಡಿಮೆ ಇರೋದನ್ನ ತಗೊಂಡೋಗಿ" ಎಂದಳು. ಪುಸ್ತಕ ಸಿಗದವರಿಗೆ ಬ್ಯಾಂಕಿನ ಆ್ಯಪ್‌ನಲ್ಲಿ 'ಅತಿಮುಖ್ಯ ನಿಯಮ ಮತ್ತು ಷರತ್ತುಗಳು' ಎಂಬ ಕಡತ ಸಿಗುತ್ತದೆ. ಇದನ್ನು ಗ್ರಾಹಕರಿಗೆ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ.

ಈ ಮಾರ್ಕಪ್ ಏನೆಂದರೆ, ನಾವು ಥಾಯ್ಲೆಂಡಿನ ಕರೆನ್ಸಿಯಾದ ಬಾತ್‌ನಲ್ಲಿ ಖರ್ಚು ಮಾಡಿದ್ದನ್ನು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದವರು ತಮ್ಮ ದರದಲ್ಲಿ ಪರಿವರ್ತಿಸುತ್ತಾರೆ. ಅದರ ಮೇಲೆ ನಮ್ಮ ಬ್ಯಾಂಕ್ ತನ್ನ ಪಾಲು ಹಾಕುತ್ತದೆ. ಸಾಧಾರಣ ಕಾರ್ಡ್‌ಗಳಲ್ಲಿ ಇದು ಹೆಚ್ಚಾಗಿ ಶೇ 3.5. ದುಬಾರಿ ವಾರ್ಷಿಕ ಶುಲ್ಕದ ಕಾರ್ಡ್‌ಗಳಲ್ಲಿ ಶೇ 2ರ ಆಸುಪಾಸು. ಕೆಲವೇ ಕೆಲವು ಕಾರ್ಡ್‌ಗಳಲ್ಲಿ ಸೊನ್ನೆ. ಮಾರ್ಕಪ್ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಹಾಗಾಗಿ ಶೇ 3.5 ಎಂದು ಬರೆದದ್ದು ನಮ್ಮ ಜೇಬಿಗೆ ಶೇ 4.13 ಆಗಿ ತಾಗುತ್ತದೆ. ಒಂದು ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ. ಶೇ 2ರ ಕಾರ್ಡ್ ಆದರೆ 2,360. ಒಂದೇ ಮನೆಯಲ್ಲಿ ಗಂಡನ ಹತ್ತಿರ ಒಂದು, ಹೆಂಡತಿಯ ಹತ್ತಿರ ಇನ್ನೊಂದು ಬ್ಯಾಂಕಿನ ಕಾರ್ಡ್ ಇದ್ದರೆ ಎರಡನ್ನೂ ಹೋಲಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ಸಂಪಾದನೆ 1,770 ರೂಪಾಯಿ.

ಕಾರ್ಡ್ ವಿದೇಶದಲ್ಲಿ ನಡೆಯುವಂತೆ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳುವುದೂ ಮನೆಯಲ್ಲೇ ಮುಗಿಸಬೇಕಾದ ಕೆಲಸ. 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡ್‌ಗಳನ್ನು ದೇಶದೊಳಗೆ ಮಾತ್ರ ನಡೆಯುವಂತೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ವಿದೇಶದ ಬಳಕೆಯನ್ನು ನಾವೇ ತೆರೆಯಬೇಕು. ಎಷ್ಟು ರೂಪಾಯಿವರೆಗೆ ಎಂದು ಮಿತಿಯನ್ನೂ ಅಲ್ಲೇ ಹಾಕಬಹುದು. ವಾಪಸ್ ಬಂದ ದಿನವೇ ಮುಚ್ಚಿಬಿಟ್ಟರೆ ಕಳ್ಳರ ಭಯವೂ ಕಡಿಮೆ.

ಮಿಷನ್ ಕೇಳುವ ಪ್ರಶ್ನೆ

ಬ್ಯಾಂಕಾಕ್‌ನ ಒಂದು ಬಟ್ಟೆ ಅಂಗಡಿ. ಅಕ್ಕ ಮೊಮ್ಮಕ್ಕಳಿಗೆಂದು ಬಟ್ಟೆ ಆರಿಸಿದ್ದರು. ಭಾವ ಕಾರ್ಡ್ ಕೊಟ್ಟರು. ಗಲ್ಲಾದಲ್ಲಿದ್ದ ಹುಡುಗಿ ಮಿಷನ್ನಿಗೆ ಕಾರ್ಡ್ ಸಿಕ್ಕಿಸಿ ನಮ್ಮ ಕಡೆ ತಿರುಗಿಸಿದಳು. ಪರದೆಯ ಮೇಲೆ ಎರಡು ಮೊತ್ತ. ಮೇಲೆ ಐಎನ್‌ಆರ್ ಅಂದರೆ ರೂಪಾಯಿ, ಕೆಳಗೆ ಟಿಎಚ್‌ಬಿ ಅಂದರೆ ಬಾತ್.

"ರೂಪಾಯಿಲೂ ತೋರಿಸ್ತೈತೆ ಕಣಪ್ಪ. ಇದನ್ನೇ ಒತ್ತಿದ್ರೆ ಲೆಕ್ಕ ಇಲ್ಲೇ ಗೊತ್ತಾಗ್ತೈತಲ್ಲ?" ಎಂದರು ಭಾವ.

"ಬ್ಯಾಡಿ ಭಾವ, ಬಾತ್ ಒತ್ತಿ" ಎಂದೆ.

ರೂಪಾಯಿ ಕಂಡರೆ ಮನಸ್ಸಿಗೆ ಧೈರ್ಯ ಬರುವುದು ಸಹಜ. ಆದರೆ ಅಲ್ಲಿ ಬಾತನ್ನು ರೂಪಾಯಿ ಮಾಡುವುದು ನಮ್ಮ ಬ್ಯಾಂಕೂ ಅಲ್ಲ, ಕಾರ್ಡಿನ ಜಾಲವೂ ಅಲ್ಲ. ಅಂಗಡಿಯ ಕಡೆಯ ಪಾವತಿ ಸಂಸ್ಥೆ ತನ್ನದೇ ದರದಲ್ಲಿ ಪರಿವರ್ತನೆ ಮಾಡುತ್ತದೆ, ಆ ದರದಲ್ಲಿ ತನ್ನ ಲಾಭವನ್ನು ಸೇರಿಸಿಕೊಂಡಿರುತ್ತದೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಎನ್ನುತ್ತಾರೆ. ರೂಪಾಯಿ ಒತ್ತಿದ್ದರಿಂದ ನಮ್ಮ ಬ್ಯಾಂಕಿನ ಶುಲ್ಕ ತಪ್ಪಿತು ಎಂದುಕೊಳ್ಳುವಂತೆಯೂ ಇಲ್ಲ. ವಿದೇಶದ ವ್ಯಾಪಾರಿಗೆ ರೂಪಾಯಿಯಲ್ಲಿ ಕೊಟ್ಟದ್ದಕ್ಕೆ ಹಲವು ಬ್ಯಾಂಕುಗಳು ಶೇ 1 ಅಥವಾ ಹೆಚ್ಚು ಶುಲ್ಕವನ್ನು ಬೇರೆಯಾಗಿ ಹಿಡಿಯುತ್ತವೆ.

ಲೆಕ್ಕ ಹಾಕಿ ನೋಡೋಣ. ಬಿಲ್ 5,000 ಬಾತ್, ಜಾಲದ ದರ ಬಾತ್‌ಗೆ 2.60 ರೂಪಾಯಿ ಎಂದುಕೊಳ್ಳಿ. ಬಾತ್ ಒತ್ತಿದರೆ ಮೂಲ 13,000; ಮಾರ್ಕಪ್ ಶೇ 3.5ರಂತೆ 455; ಜಿಎಸ್‌ಟಿ ಸುಮಾರು 82; ಒಟ್ಟು 13,537 ರೂಪಾಯಿ. ರೂಪಾಯಿ ಒತ್ತಿದಾಗ ಅಂಗಡಿಯ ಮಿಷನ್ ಬಾತ್‌ಗೆ 2.78 ಹಿಡಿದರೆ ಮೂಲವೇ 13,900. ಬ್ಯಾಂಕಿನ ಶೇ 1 ಮತ್ತು ಅದರ ಜಿಎಸ್‌ಟಿ ಸೇರಿ 14,064 ರೂಪಾಯಿ. ಬಟ್ಟೆ ಅದೇ, ಅಂಗಡಿ ಅದೇ, ಕಾರ್ಡ್ ಅದೇ. ವ್ಯತ್ಯಾಸ 527 ರೂಪಾಯಿ. ಸೊನ್ನೆ ಮಾರ್ಕಪ್ ಕಾರ್ಡ್ ಇಟ್ಟುಕೊಂಡವರಿಗಂತೂ ರೂಪಾಯಿ ಒತ್ತಿದರೆ ಆ ಕಾರ್ಡ್ ತೆಗೆದುಕೊಂಡ ಉದ್ದೇಶವೇ ಹಾಳು.

ಮುಂದೊಂದು ಅಂಗಡಿಯಲ್ಲಿ ತಮ್ಮನ ಕಾರ್ಡ್ ತೆಗೆದುಕೊಂಡವರು ನಮ್ಮನ್ನು ಕೇಳದೆಯೇ ರೂಪಾಯಿ ಒತ್ತಿದ್ದರು. ಚೀಟಿಯಲ್ಲಿ ಐಎನ್‌ಆರ್ ಮೊತ್ತ, ಪರಿವರ್ತನೆಯ ದರ, ಕೆಳಗೆ ಸಣ್ಣ ಅಕ್ಷರದಲ್ಲಿ 'ಆಯ್ಕೆ ನನ್ನದೇ' ಎಂಬರ್ಥದ ಒಕ್ಕಣೆ ಎಲ್ಲವೂ ಇತ್ತು. ಸಹಿ ಹಾಕುವ ಮೊದಲೇ ಅದನ್ನು ತೋರಿಸಿ, ರದ್ದು ಮಾಡಿ ಬಾತ್‌ನಲ್ಲಿ ಹಾಕಿಕೊಡಿ ಎಂದು ಕೇಳಿದೆವು. ಮರುಮಾತಿಲ್ಲದೆ ಮಾಡಿಕೊಟ್ಟರು. ಯಾವ ಕರೆನ್ಸಿ ಎಂದು ಆರಿಸುವ ಹಕ್ಕು ಗ್ರಾಹಕನದು ಎಂದು ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮವೂ ಹೇಳುತ್ತದೆ. ಅಲ್ಲಿಯೇ ನಿಂತು ಕೇಳಿದರೆ ಸರಿಹೋಗುತ್ತದೆ. ಊರಿಗೆ ಬಂದ ಮೇಲೆ ಕಷ್ಟ. ಇದು ಥಾಯ್ಲೆಂಡಿಗೆ ಮಾತ್ರ ಸೇರಿದ್ದಲ್ಲ. ದುಬೈ, ಸಿಂಗಪುರ, ಪ್ಯಾರಿಸ್ ಎಲ್ಲೆಡೆ ಮಿಷನ್ ಇದನ್ನೇ ಕೇಳುತ್ತದೆ. ಯುರೋಪಿಯನ್ ಒಕ್ಕೂಟವಂತೂ ಯುರೋಪಿಯನ್ನರ ಕಾರ್ಡ್‌ಗಳಿಗಾಗಿ, ಪರಿವರ್ತನೆಯಲ್ಲಿ ಎಷ್ಟು ಹೆಚ್ಚಿಗೆ ಸೇರಿದೆ ಎಂಬುದನ್ನು ಮೊದಲೇ ತೋರಿಸಬೇಕೆಂದು 2019ರಲ್ಲಿ ಕಾನೂನನ್ನೇ ಮಾಡಿತು. ಅಲ್ಲಿನವರಿಗೂ ಕಾನೂನು ಬೇಕಾಯಿತೆಂದರೆ, ಈ ಗುಂಡಿಯ ಮಹತ್ವ ತಿಳಿಯುತ್ತದೆ.

ನಗದಿಗೆ ಈ ಕಾರ್ಡ್ ಬೇಡ

ಸಮುತ್ ಸೋಂಗ್‌ಖ್ರಾಮ್ ಪ್ರಾಂತ್ಯದ ಅಂಪಾವಾದಲ್ಲಿ ತೇಲುವ ಸಂತೆ ಇದೆ. ಆ ಸೀಮೆಯಲ್ಲಿ ತೆಂಗಿನ ಹೊಂಬಾಳೆಯ ರಸ ಇಳಿಸಿ, ಕಾಯಿಸಿ ಸಕ್ಕರೆ ಮಾಡುತ್ತಾರೆ. ತೆಂಗಿನ ಸೀಮೆಯವರಾದ ನಮಗೆ ಅದನ್ನು ಕೊಳ್ಳದೆ ಬರುವ ಮನಸ್ಸಿರಲಿಲ್ಲ. ಆದರೆ ದೋಣಿಯಲ್ಲಿ ಕೂತು ಮಾರುವವರ ಹತ್ತಿರ ಕಾರ್ಡ್ ನಡೆಯುವುದಿಲ್ಲ, ನೋಟೇ ಆಗಬೇಕು.

ಇಂಥ ಹೊತ್ತಿನಲ್ಲಿ ಎಟಿಎಂಗೆ ಕ್ರೆಡಿಟ್ ಕಾರ್ಡ್ ಹಾಕುವುದು ಎಲ್ಲಕ್ಕಿಂತ ದುಬಾರಿ. 2,000 ಬಾತ್ ತೆಗೆದರೆ, ಅದೇ 2.60ರ ಲೆಕ್ಕದಲ್ಲಿ 5,200 ರೂಪಾಯಿ. ಹೊರದೇಶದ ಕಾರ್ಡ್ ಎಂದು ಥಾಯ್ ಎಟಿಎಂ 220 ಬಾತ್ ಹಿಡಿದರೆ, ಅದು 572 ರೂಪಾಯಿ. ನಗದು ತೆಗೆದದ್ದಕ್ಕೆ ನಮ್ಮ ಬ್ಯಾಂಕಿನ ಶುಲ್ಕ ಸಾಮಾನ್ಯವಾಗಿ ಶೇ 2.5, ಕನಿಷ್ಠ 500 ರೂಪಾಯಿ ಎಂದಿಟ್ಟುಕೊಂಡರೆ ಜಿಎಸ್‌ಟಿ ಸೇರಿ 590. ಎಟಿಎಂ ಶುಲ್ಕವೂ ಸೇರಿದ ಮೊತ್ತದ ಮೇಲೆ ಮಾರ್ಕಪ್ ಮತ್ತು ಅದರ ಜಿಎಸ್‌ಟಿ 238. ಐದು ಸಾವಿರದ ಚಿಲ್ಲರೆ ನಗದಿಗೆ 1,400 ರೂಪಾಯಿ ಶುಲ್ಕ! ಸಾಲದೆಂಬಂತೆ ತೆಗೆದ ದಿನದಿಂದಲೇ ಬಡ್ಡಿ. ಅಂಗಡಿ ಖರೀದಿಗೆ ಸಿಗುವ ಬಡ್ಡಿಯಿಲ್ಲದ ಗಡುವು ನಗದಿಗೆ ಇಲ್ಲ.

ನಾವು ಸಣ್ಣ ಖರ್ಚಿನ ಬಾತ್ ನೋಟುಗಳನ್ನು ಬೆಂಗಳೂರಿನಲ್ಲಿ ಪರವಾನಗಿ ಇರುವ ವಿನಿಮಯದವರಿಂದ ಕೊಂಡೇ ಹೋಗಿದ್ದೆವು. ಹೆಚ್ಚಿನ ದೇಶಗಳ ಪ್ರಯಾಣಕ್ಕೆ ಒಂದು ಸಲಕ್ಕೆ 3,000 ಡಾಲರ್ ಮೌಲ್ಯದವರೆಗೆ ನೋಟು ಒಯ್ಯಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆ. ಮೊದಲೇ ದುಡ್ಡು ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಇನ್ನೊಂದು ದಾರಿ. ಆದರೆ ಅದರಲ್ಲಿ ಡಾಲರ್ ತುಂಬಿಸಿ ಬಾತ್ ಖರ್ಚು ಮಾಡಿದರೆ ಮತ್ತೆ ಪರಿವರ್ತನೆಯ ಶುಲ್ಕ ಬೀಳುತ್ತದೆ. ಹೋಗುವ ದೇಶದ ಕರೆನ್ಸಿಯನ್ನೇ ತುಂಬಿಸಬೇಕು.

ಬಿಲ್ ಬಂದ ಮೇಲೆ

ಊರಿಗೆ ಬಂದ ಮೇಲೆ ಚೀಟಿಗಳನ್ನು ಬಿಲ್ಲಿನ ಸಾಲುಗಳ ಜೊತೆ ತಾಳೆ ನೋಡಿದೆ. ಖರೀದಿಯ ಸಾಲು ಬೇರೆ, ಮಾರ್ಕಪ್ ಬೇರೆ, ಜಿಎಸ್‌ಟಿ ಬೇರೆ. ಖರೀದಿಗೆ ಹಿಡಿದ ದರ ನಾವು ಕಾರ್ಡ್ ಉಜ್ಜಿದ ದಿನದ್ದೇ ಆಗಿರಬೇಕೆಂದಿಲ್ಲ. ಅಂಗಡಿಯವರ ಕಡೆಯಿಂದ ಲೆಕ್ಕ ತೀರುವಳಿಗೆ ಬಂದ ದಿನದ್ದು ಇರುತ್ತದೆ. ಮಳೆಯಿಂದ ರದ್ದಾದ ದೋಣಿ ಸವಾರಿಯ ದುಡ್ಡು ವಾಪಸ್ ಬಂದಾಗ ನಾವು ಕೊಟ್ಟದ್ದಕ್ಕಿಂತ ಕಡಿಮೆ ಇತ್ತು. ವಾಪಸ್ ಬರುವಾಗಿನ ದರ ಬೇರೆ, ಹಿಡಿದ ಮಾರ್ಕಪ್ ಮರಳಲಿಲ್ಲ. ರದ್ದಾಗಬಹುದಾದ ಟಿಕೆಟ್‌ಗಳಿಗೆ ಅಲ್ಲಿಯೇ ನಗದು ಕೊಡುವುದು ವಾಸಿ ಎಂದು ಅದರಿಂದ ತಿಳಿಯಿತು. ಇಲ್ಲಿ ಮನೆಯಲ್ಲಿ ಕೂತು ವಿದೇಶಿ ಜಾಲತಾಣದಲ್ಲಿ ಹೋಟೆಲ್ ಕಾದಿರಿಸುವಾಗಲೂ ಬೆಲೆ ರೂಪಾಯಿಯಲ್ಲಿ ಕಂಡಿತೆಂದು ನಿಶ್ಚಿಂತರಾಗಬಾರದು. ಆ ಕಂಪನಿ ಹೊರದೇಶದಲ್ಲಿ ನೋಂದಣಿಯಾಗಿದ್ದರೆ ಬ್ಯಾಂಕ್ ಶುಲ್ಕ ಹಾಕಬಹುದು.

ಪ್ಯಾಕೇಜ್ ಪ್ರವಾಸ ಹೋಗುವವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರ್‌ನಿಂದ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ಇದು ಕಾರ್ಡಿನ ಶುಲ್ಕದಂತೆ ಹೋದ ದುಡ್ಡಲ್ಲ, ನಮ್ಮ ಪ್ಯಾನ್ ಹೆಸರಿಗೆ ಜಮೆಯಾಗುವ ದುಡ್ಡು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ನಮ್ಮಲ್ಲಿ ಅನೇಕರು ರಿಟರ್ನ್ ಸಲ್ಲಿಸುವುದೇ ಇಲ್ಲ. ಆ ವರ್ಷ ಸಲ್ಲಿಸಿದರೆ ಮಾತ್ರ ಹಿಡಿದದ್ದು ವಾಪಸ್ ಸಿಗುತ್ತದೆ.

ತೆಂಗಿನವರು ಎಲ್ಲಕ್ಕಿಂತ ಮುಖ್ಯವಾಗಿ ಯೋಚಿಸಬೇಕಾದದ್ದು ದುಡ್ಡು ಬರುವ ಹೊತ್ತನ್ನು. ಕಾಯಿ ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿ ಕೊಬ್ಬರಿಯಾಗಬೇಕು. ಅದನ್ನು ಸುಲಿಸಿ ಮಾರಿದ ದುಡ್ಡು ವರ್ಷಕ್ಕೆ ಒಂದೆರಡು ಸಲ ಒಟ್ಟಿಗೆ ಬರುತ್ತದೆ. ಕಾರ್ಡ್ ಬಿಲ್ ಆದರೋ ಪ್ರತಿ ತಿಂಗಳು ಬಂದು, ಸುಮಾರು ಇಪ್ಪತ್ತು ದಿನದಲ್ಲಿ ಕಟ್ಟು ಎನ್ನುತ್ತದೆ. ಧಾರಣೆ ಏರಲಿ, ಆಮೇಲೆ ಮಾರಿ ಕಟ್ಟೋಣ ಎಂದು 'ಮಿನಿಮಮ್ ಡ್ಯೂ' ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ, ವರ್ಷಕ್ಕೆ ಶೇ 40 ದಾಟುತ್ತದೆ. ಗುಂಡಿ ನೋಡಿ ಒತ್ತಿ ಉಳಿಸಿದ್ದೆಲ್ಲ ಒಂದೇ ತಿಂಗಳಲ್ಲಿ ಹೋಗುತ್ತದೆ. ಅದಕ್ಕೇ ನಾವು ಪ್ರವಾಸದ ದುಡ್ಡನ್ನು ಕೊಬ್ಬರಿ ಮಾರಿದ ದಿನವೇ ಬೇರೆ ಖಾತೆಯಲ್ಲಿ ತೆಗೆದಿಟ್ಟು, ಆಮೇಲೆ ಹೊರಟಿದ್ದೆವು.

ಬಿಲ್ಲಿನಲ್ಲಿ ಅರ್ಥವಾಗದ ಸಾಲು ಕಂಡರೆ ಬ್ಯಾಂಕಿಗೆ ಬರೆದು ಕೇಳಿ. ನಮಗೆ ಗೊತ್ತಿಲ್ಲದೆ ಯಾರೋ ಕಾರ್ಡ್ ಬಳಸಿದ್ದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿಬಿಡಿ. ಹೊಣೆ ನಮ್ಮ ಮೇಲೆ ಬೀಳದಂತೆ ತಡೆಯುವುದು ಆ ಗಡುವು. 30 ದಿನಗಳಲ್ಲಿ ಬ್ಯಾಂಕ್ ಸಮಾಧಾನ ಹೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ಶುಲ್ಕ ಕೊಡುವುದರಲ್ಲಿ ಅವಮಾನವಿಲ್ಲ. ಅನುಕೂಲಕ್ಕೆ ಬೆಲೆ ಇದ್ದೇ ಇರುತ್ತದೆ. ಆದರೆ ಬೆವರಿನ ದುಡ್ಡು ಯಾವ ಸಾಲಿನಲ್ಲಿ, ಯಾರಿಗೆ, ಯಾಕೆ ಹೋಯಿತು ಎಂದು ತಿಳಿದು ಕೊಡಬೇಕು. ಮುಂದಿನ ಸಲ ಪ್ರವಾಸದ ಟಿಕೆಟ್ ಮಾಡಿಸುವ ದಿನವೇ ಕಾರ್ಡಿನ ಷರತ್ತುಗಳನ್ನು ಮನೆಮಂದಿಯೆಲ್ಲ ಕೂತು ಓದಿ, ಕಾರ್ಡ್ ಹಿಡಿಯುವ ಪ್ರತಿಯೊಬ್ಬರಿಗೂ ಆ ದೇಶದ ಕರೆನ್ಸಿಯನ್ನೇ ಒತ್ತಬೇಕೆಂದು ಹೇಳಿಕೊಡಿ.