ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವ ಹುಡುಗಿಗೆ

ಪ್ರಶ್ನೆ: ನನ್ನ ಊರು ಕುಂದಾಪುರದ ಹತ್ತಿರ. ಮುಂಬಯಿಗೆ ಬಂದು ಎರಡು ವರ್ಷವಾಗುತ್ತಾ ಬಂತು. ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಲೀನಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂರು ತಿಂಗಳಿಂದ ಒಂದು ಪುಟವನ್ನೂ ಬರೆದಿಲ್ಲ. ಗೈಡ್ ಎಲ್ಲಿ ಎದುರಾಗುತ್ತಾರೋ ಎಂದು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೇನೆ. ಉಳಿದವರು ಇಂಗ್ಲಿಷಿನಲ್ಲಿ ಪಟಪಟ ಮಾತಾಡುವಾಗ ನಾನು ಇಲ್ಲಿಗೆ ತಪ್ಪಿ ಬಂದೆ ಅನ್ನಿಸುತ್ತದೆ. ಚಿಕ್ಕಪ್ಪ ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿಶಾಲೆಯಲ್ಲಿ ಓದಿದವರು. ‘ನಿನಗೆ ಎಂಥ ಕಷ್ಟ?’ ಎನ್ನುತ್ತಾರೆ. ಕೆಲವು ದಿನ ಬೆಳಿಗ್ಗೆ ಎಚ್ಚರವೇ ಆಗಬಾರದು ಅನ್ನಿಸುತ್ತದೆ. ಅಮ್ಮನಿಗೆ ಮಾತ್ರ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತೇನೆ. ಬಿಟ್ಟು ಊರಿಗೆ ಹೋಗಿಬಿಡಲೇ?
– ಹೆಸರು ಬೇಡ

ಉತ್ತರ: ‘ಎಚ್ಚರವೇ ಆಗಬಾರದು’ ಎಂಬ ಮಾತನ್ನು ನೀವು ಉಳಿದ ಸಂಗತಿಗಳ ನಡುವೆ, ಯಾರ ಕಣ್ಣಿಗೂ ಬೀಳದ ಹಾಗೆ ತೂರಿಸಿದ್ದೀರಿ. ನನಗೆ ಮೊದಲು ಕಂಡದ್ದೇ ಅದು. ಬರೆದು ಒಳ್ಳೆಯದು ಮಾಡಿದಿರಿ. ಅಂಥ ಯೋಚನೆ ಬಂತೆಂದು ನಾಚಿಕೊಳ್ಳಬೇಕಾಗಿಲ್ಲ. ಆದರೆ ಅದನ್ನು ಒಬ್ಬರೇ ಹೊತ್ತುಕೊಂಡು ತಿರುಗಬೇಡಿ. ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ನಡುರಾತ್ರಿಯಲ್ಲೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನಿದ್ದೆ, ಊಟ ಕೆಟ್ಟು ಎರಡು ವಾರವಾಗಿದ್ದರೆ ಮನೋವೈದ್ಯರನ್ನೂ ಕಾಣಿ. ನೀವು ದಿನಾ ಇಳಿಯುವ ಕುರ್ಲಾದಿಂದ ಒಂದೇ ಸ್ಟೇಷನ್ ಮುಂದೆ ಸಯಾನ್. ಅಲ್ಲಿನ ಪಾಲಿಕೆ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಬೆಳಿಗ್ಗೆ ಹೋಗಿ ಕೇಸ್ ಪೇಪರ್ ಮಾಡಿಸಿ. ಒಂದು ವೇಳೆ ರಾತ್ರಿ ಆ ಯೋಚನೆ ಜೋರಾದರೆ, ಬೆಳಗಾಗಲಿ ಎಂದು ಕಾಯದೆ ಚಿಕ್ಕಮ್ಮನನ್ನು ಎಬ್ಬಿಸಿ. ನಿದ್ದೆ ಕೆಡಿಸಿದೆನಲ್ಲ ಎಂಬ ಸಂಕೋಚ ಅಲ್ಲಿ ಬೇಡವೇ ಬೇಡ.

ಇನ್ನು ಆ ಮೆಟ್ಟಿಲುಗಳ ವಿಷಯ. ಓದಿನ ಬಗ್ಗೆ ಉದಾಸೀನ ಇದ್ದವರು ಆರಾಮವಾಗಿ ಲಿಫ್ಟಿನಲ್ಲೇ ಹೋಗುತ್ತಾರೆ, ಗೈಡ್ ಸಿಕ್ಕರೆ ನಮಸ್ಕಾರವನ್ನೂ ಹೇಳುತ್ತಾರೆ. ಮೆಟ್ಟಿಲು ಹತ್ತುವವರು ನಾಚಿಕೆಯಿಂದ ಹತ್ತುತ್ತಾರೆ. ಬರೆಯಲಿಲ್ಲ ಎಂಬ ನಾಚಿಕೆಗೆ ಅಡಗುತ್ತೀರಿ. ಅಡಗಿದ್ದರಿಂದ ಎಲ್ಲಿ ತೊಡಕಾಗಿದೆ ಎಂದು ಯಾರನ್ನೂ ಕೇಳಲಾಗುವುದಿಲ್ಲ. ಕೇಳದೆ ಬರವಣಿಗೆ ಮುಂದೆ ಹೋಗುವುದಿಲ್ಲ. ನಿಮ್ಮ ಮೂರು ತಿಂಗಳು ಹೀಗೆ ಕಳೆದಿವೆ. ಇದನ್ನು ನೀವು ಸೋಮಾರಿತನ ಎಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ.

ಚಿಕ್ಕಪ್ಪನ ಮಾತು ನಿಮ್ಮನ್ನು ಚುಚ್ಚಿದ್ದು ಸಹಜ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ರಾತ್ರಿಶಾಲೆಯ ಕಥೆ ಕೇಳದೆ ಬೆಳೆದವರು ಕಡಿಮೆ. ಅದು ನಿಜವಾದ ಕಥೆ, ದೊಡ್ಡ ಕಥೆ. ಕರಾವಳಿಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ತೂಕಡಿಸುತ್ತಾ ಓದಿ ಬ್ಯಾಂಕು, ಕೋರ್ಟು, ಕಾಲೇಜು ಸೇರಿದರು. ಆದರೆ ಆ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿಯಿದೆ. ಅವರಿಗೆ ಜೊತೆ ಇತ್ತು. ಒಂದೇ ಹೋಟೆಲಿನಲ್ಲಿ ದುಡಿದವರು ರಾತ್ರಿ ಒಟ್ಟಿಗೆ ಶಾಲೆಗೆ ನಡೆದರು, ಒಬ್ಬನಿಗೆ ಬಾರದ ಲೆಕ್ಕವನ್ನು ಪಕ್ಕದವನು ಹೇಳಿಕೊಟ್ಟ. ಗಂಟೆ ಬಾರಿಸುವವರಿದ್ದರು, ವರ್ಷಕ್ಕೊಮ್ಮೆ ಪರೀಕ್ಷೆ ಇತ್ತು, ಪಾಸೋ ನಪಾಸೋ ಗೊತ್ತಾಗುತ್ತಿತ್ತು. ಸಂಶೋಧನೆಯಲ್ಲಿ ಗಂಟೆಯಿಲ್ಲ, ಅಂಕಪಟ್ಟಿಯೂ ಇಲ್ಲ. ಇವತ್ತು ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ತಿಂಗಳುಗಟ್ಟಲೆ ಗೊತ್ತಾಗದೆ ಒಬ್ಬರೇ ಕೂರಬೇಕು. ಚಿಕ್ಕಪ್ಪನ ಕಷ್ಟ ಬೇರೆ, ನಿಮ್ಮದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಅಗತ್ಯವಿಲ್ಲ. ಒಂದು ಭಾನುವಾರ ಅವರನ್ನೇ ಕೇಳಿ ನೋಡಿ: ‘ಚಿಕ್ಕಪ್ಪ, ನಿಮಗೆ ಯಾವ ವಿಷಯ ಕಷ್ಟವಾಗ್ತಿತ್ತು? ಯಾರು ಹೇಳಿಕೊಟ್ಟರು?’ ಆ ಪ್ರಶ್ನೆಯನ್ನು ಅವರಿಗೆ ಬಹುಶಃ ಯಾರೂ ಕೇಳಿರಲಿಕ್ಕಿಲ್ಲ.

ನೀವು ಬರೆಯದೇ ಬಿಟ್ಟ ಇನ್ನೊಂದು ವಿಷಯವನ್ನು ನಾನು ಊಹಿಸಬಲ್ಲೆ. ಡೊಂಬಿವಲಿಯಿಂದ ಕುರ್ಲಾ, ಅಲ್ಲಿಂದ ಬಸ್ಸೋ ಶೇರ್ ರಿಕ್ಷಾವೋ. ಸಂಜೆ ಅದೇ ದಾರಿ ವಾಪಸು, ಲೇಡೀಸ್ ಡಬ್ಬಿಯಲ್ಲಿ ಎದುರಿನವರು ಮನೆಗೆ ತಲುಪುವ ಮೊದಲೇ ತೊಂಡೆಕಾಯಿ ಹೆಚ್ಚಿ ಮುಗಿಸುತ್ತಿರುತ್ತಾರೆ. ನೀವು ಮನೆ ಸೇರಿದ ಮೇಲೆ? ‘ಓದುವವಳು ತಾನೇ, ಮನೆಯಲ್ಲೇ ಇದ್ದಾಳಲ್ಲ’ ಎಂದು ಅಡುಗೆಮನೆಯ ಕೆಲಸದಲ್ಲಿ ಒಂದು ಪಾಲು ನಿಮಗೂ ಬರುತ್ತಿರಬೇಕು. ಚಿಕ್ಕಮ್ಮ ಕೆಟ್ಟವರೆಂದು ಹೇಳುತ್ತಿಲ್ಲ. ಎರಡು ವರ್ಷ ಮನೆಯಲ್ಲಿ ಇಟ್ಟುಕೊಳ್ಳುವುದು ಈ ಊರಿನಲ್ಲಿ ಸಣ್ಣ ಮಾತಲ್ಲ. ಆದರೆ ಕಣ್ಣು ಮುಚ್ಚಿ ಕುಳಿತು ಯೋಚಿಸುವುದೂ ಕೆಲಸವೇ ಎಂದು ಯಾರಾದರೂ ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ? ‘ಚಿಕ್ಕಮ್ಮ, ವಾರಕ್ಕೆ ಮೂರು ದಿನ ರಾತ್ರಿ ಎಂಟರಿಂದ ಹತ್ತರವರೆಗೆ ನಾನು ಬರೀಬೇಕು, ಉಳಿದ ದಿನ ನಾನೇ ಚಪಾತಿ ಮಾಡ್ತೇನೆ’ ಎಂದು ಹೇಳಿ. ಲೆಕ್ಕ ಸ್ಪಷ್ಟವಾಗಿದ್ದರೆ ಮನೆಯವರಿಗೂ ಹಗುರ. ಹಾಸ್ಟೆಲಿಗೆ ಅರ್ಜಿ ಹಾಕಿಲ್ಲವೆಂದರೆ ಹಾಕಿಡಿ. ಸೀಟು ಸಿಗುವುದು ಕಷ್ಟವೇ, ಆದರೂ ಹಾಕಿಡಿ.

ಗೈಡಿಗೆ ಈ ವಾರವೇ ಒಂದು ಮೇಲ್ ಬರೆಯಿರಿ. ಉದ್ದ ಬೇಡ, ಕ್ಷಮಾಪಣೆಯ ಪುರಾಣವೂ ಬೇಡ. ‘ಮೂರು ತಿಂಗಳಿಂದ ಬರವಣಿಗೆ ನಿಂತಿದೆ. ಎರಡನೆಯ ಅಧ್ಯಾಯವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ. ಇಪ್ಪತ್ತು ನಿಮಿಷ ಕೊಡುತ್ತೀರಾ?’ ಇಷ್ಟು ಸಾಕು. ಜೊತೆಗೆ ಒಂದು ಪುಟ ಇರಲಿ, ಅರೆಬರೆಯಾದರೂ ಪರವಾಗಿಲ್ಲ, ಕಾಟು ಹೊಡೆದದ್ದಾದರೂ ಪರವಾಗಿಲ್ಲ. ಖಾಲಿ ಕೈಯಲ್ಲಿ ಹೋದವರಿಗೆ ‘ಬರೆದು ತನ್ನಿ’ ಎನ್ನುವುದನ್ನು ಬಿಟ್ಟು ಗೈಡ್ ಬೇರೇನು ಹೇಳಿಯಾರು? ಕೆಟ್ಟ ಪುಟವನ್ನಾದರೆ ತಿದ್ದಬಹುದು. ಅವರಿಂದ ಏನೂ ದಾರಿ ಕಾಣದಿದ್ದರೆ ನಿಮಗೊಂದು ಸಂಶೋಧನಾ ಸಲಹಾ ಸಮಿತಿ ಇದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರಿಗೂ ನಿಮ್ಮ ಕೆಲಸ ಎಲ್ಲಿಗೆ ಬಂತೆಂದು ಅವರು ಕೇಳಬೇಕು, ದಾರಿ ತೋರಿಸಬೇಕು. ಅದೇ ನಿಯಮ ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ ಕೊಡುತ್ತದೆ, ಆಮೇಲೆ ಮರುನೋಂದಣಿಗೂ ಅವಕಾಶವಿದೆ. ಮಹಿಳೆಯರಿಗೆ ಇನ್ನೂ 2 ವರ್ಷದ ರಿಯಾಯಿತಿ ಸಿಗಬಹುದು. ನೀವಿನ್ನೂ ಎರಡು ವರ್ಷವನ್ನೂ ಮುಗಿಸಿಲ್ಲ.

ಇಂಗ್ಲಿಷಿನ ಭಯಕ್ಕೆ ಒಂದೇ ಮಾತು. ಲೋಕಲಿನಲ್ಲಿ ಕುಳಿತವರನ್ನು ‘ಕುಠೇ ಉತರಣಾರ್?’ (ಎಲ್ಲಿ ಇಳಿಯುತ್ತೀರಿ?) ಎಂದು ಕೇಳಿ ಸೀಟು ಗೊತ್ತುಮಾಡಿಕೊಳ್ಳುತ್ತೀರಲ್ಲ? ಮೊದಲ ವಾರ ಬಾಯಿ ಬಂದಿರಲಿಕ್ಕಿಲ್ಲ, ಘಾಟ್ಕೋಪರಿನವರೆಗೆ ನಿಂತೇ ಹೋಗಿರುತ್ತೀರಿ. ಕಾಲು ನೋವು ತಾಳಲಾರದೆ ಒಂದು ದಿನ ಅರ್ಧಂಬರ್ಧ ಮರಾಠಿಯಲ್ಲೇ ಕೇಳಿದಿರಿ, ಯಾರೂ ವ್ಯಾಕರಣ ನೋಡಲಿಲ್ಲ. ಸೆಮಿನಾರಿನಲ್ಲೂ ಮೊದಲು ಒಂದು ಪ್ರಶ್ನೆ ಕೇಳಿ, ಚೀಟಿಯಲ್ಲಿ ಬರೆದಿಟ್ಟುಕೊಂಡೇ ಕೇಳಿ. ಮತ್ತೆ, ಪಟಪಟ ಮಾತಾಡುವ ಆ ಉಳಿದವರಲ್ಲಿ ಒಬ್ಬರನ್ನು ಚಹಾಕ್ಕೆ ಕರೆದು ‘ನಿಮ್ಮದು ಎಷ್ಟು ಪುಟವಾಯಿತು?’ ಎಂದು ಮೆಲ್ಲಗೆ ವಿಚಾರಿಸಿ. ಉತ್ತರ ಕೇಳಿ ನಿಮಗೆ ಆಶ್ಚರ್ಯವಾದೀತು.

ಬಿಟ್ಟು ಹೋಗಲೇ ಎಂದು ಕೇಳಿದ್ದೀರಿ. ಬಿಡುವುದು ಪಾಪವಲ್ಲ, ಬಿಟ್ಟು ಬೇರೆ ಕೆಲಸದಲ್ಲಿ ಚೆನ್ನಾಗಿ ಇದ್ದವರನ್ನು ನಾನು ಬಲ್ಲೆ. ಆದರೆ ನಿದ್ದೆಗೆಟ್ಟ ತಲೆಯಲ್ಲಿ ಇಂಥ ತೀರ್ಮಾನ ಬೇಡ. ಮೊದಲು ವೈದ್ಯರು, ಆಮೇಲೆ ಗೈಡ್, ಅದಾದ ಮೇಲೆ ಒಂದು ಸೆಮಿಸ್ಟರು. ಆಗ ಇದೇ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಈ ನಡುವೆ ಅಮ್ಮನನ್ನು ನೋಡಬೇಕು ಅನ್ನಿಸಿದರೆ ಮತ್ಸ್ಯಗಂಧಾ ರೈಲು ಹಿಡಿದು ಹೋಗಿ ಒಂದು ವಾರ ಇದ್ದು ಬನ್ನಿ. ‘ಸ್ವಲ್ಪ ದಣಿದಿದ್ದೇನಮ್ಮಾ’ ಎಂದಾದರೂ ಅವರಿಗೆ ಹೇಳಿ. ಹೋಗುವಾಗ ವಾಪಸಿನ ಟಿಕೆಟ್ಟನ್ನೂ ಮಾಡಿಸಿ ಇಟ್ಟುಕೊಳ್ಳಿ. ಬೇಡವೆನಿಸಿದರೆ ರದ್ದು ಮಾಡಬಹುದು, ಬೇಕೆಂದಾಗ ಆ ಗಾಡಿಯಲ್ಲಿ ಸೀಟು ಸಿಗುವುದಿಲ್ಲ.