ಸೈಕಲ್ ಸವಾರಿ: ಶಕ್ತಿಯ ಮಿತವ್ಯಯದ ಪಾಠ

ಮಿತವ್ಯಯವೆಂದರೇನೆಂಬುದನ್ನು ಊರು ಬಿಟ್ಟು ಮಹಾನಗರದಲ್ಲಿ ನೆಲೆಸಿದ ಕನ್ನಡಿಗನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ತಿಂಗಳ ಮೊದಲ ವಾರದಲ್ಲಿಯೇ ಸಂಬಳವನ್ನೆಲ್ಲ ಕರಗಿಸಿದವನ ಕೊನೆಯ ವಾರ ಹೇಗಿರುತ್ತದೆಂಬುದನ್ನು ಅವನು ಚೆನ್ನಾಗಿ ಬಲ್ಲ. ಆದರೆ ದೇಹಶಕ್ತಿಯ ವಿಷಯದಲ್ಲಿ ಈ ವಿವೇಕವು ನಮ್ಮನ್ನು ಬಿಟ್ಟುಹೋಗುತ್ತದೆ. ವರ್ಷಗಟ್ಟಲೆ ಕಛೇರಿಯ ಕುರ್ಚಿಯಲ್ಲಿ ಕುಳಿತು, ನಲವತ್ತೈದರ ಸುಮಾರಿಗೆ ರಕ್ತದಲ್ಲಿ ಸಕ್ಕರೆಯೋ ರಕ್ತದೊತ್ತಡವೋ ಹೆಚ್ಚಿದೆಯೆಂದು ವೈದ್ಯರಿಂದ ತಿಳಿದೊಡನೆ, ಬೆಲೆಬಾಳುವ ಸೈಕಲ್ಲೊಂದನ್ನು ಕೊಂಡು ಮೊದಲ ಭಾನುವಾರವೇ ನಲವತ್ತು ಕಿಲೋಮೀಟರು ತುಳಿಯುವವರುಂಟು. ಎರಡನೆಯ ವಾರ ಮೊಣಕಾಲಿಗೆ ನೋವು. ಮೂರನೆಯ ವಾರ ಬೆನ್ನಿಗೆ. ನಾಲ್ಕನೆಯ ವಾರದಿಂದ ಆ ಸೈಕಲ್ಲು ಬಾಲ್ಕನಿಯಲ್ಲಿ ಟವೆಲು ಒಣಹಾಕುವ ಸಾಧನ!

ಹೀಗಾಗಬಾರದೆಂಬುದೇ ಈ ಲೇಖನದ ಉದ್ದೇಶ. ಸೈಕಲ್ಲನ್ನು ಅಳತೆಗೆ ತಕ್ಕಂತೆ ಜೋಡಿಸಿಕೊಳ್ಳುವುದರಿಂದ ಹಿಡಿದು ದೊಡ್ಡ ಸ್ಪರ್ಧೆಗಳನ್ನು ನೋಡಿ ಆನಂದಿಸುವವರೆಗೆ ಈ ಹವ್ಯಾಸದ ಪ್ರತಿಯೊಂದು ಅಂಗವೂ ಕಲಿಸುವ ಪಾಠ ಒಂದೇ: ಶಕ್ತಿಯನ್ನು ಅಳೆದು ವೆಚ್ಚಮಾಡುವವನೇ ದೂರ ಸಾಗುತ್ತಾನೆ.

ಕುಳಿತವನೂ ನಡೆದವನೂ

1953ರಲ್ಲಿ ಡಾ. ಜೆರೆಮಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಡ್ರೈವರನು ದಿನವಿಡೀ ಕುಳಿತಿರುವವನು; ಕಂಡಕ್ಟರನು ದಿನವಿಡೀ ಮೆಟ್ಟಿಲು ಹತ್ತಿಳಿಯುವವನು. ಹೃದಯದ ರಕ್ತನಾಳಗಳ ರೋಗವು ಕಂಡಕ್ಟರರಿಗಿಂತ ಡ್ರೈವರರಲ್ಲಿ ಹೆಚ್ಚಾಗಿ ಕಂಡುಬಂದಿತು. ದೇಹಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ಸಂಬಂಧವನ್ನು ತೋರಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಇದೂ ಒಂದು. ಪ್ರೌಢರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು, ಇಲ್ಲವೆ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆಯಿತ್ತಿದೆ.

ಈ ಶ್ರಮಕ್ಕೆ ಸೈಕಲ್ ಸವಾರಿಯು ಹೇಳಿಮಾಡಿಸಿದಂತಿದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ಭಾರವು ಮೊಣಕಾಲಿಗೆ ಅಪ್ಪಳಿಸುತ್ತದೆ; ಸೈಕಲ್ಲಿನಲ್ಲಾದರೋ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಆದಕಾರಣ ಸ್ಥೂಲಕಾಯರಿಗೂ ಇದು ಸಹ್ಯವಾದ ವ್ಯಾಯಾಮ. ಆದರೆ ಇದೇ ಗುಣದಲ್ಲಿ ಒಂದು ಕೊರತೆಯೂ ಅಡಗಿದೆ. ಎಲುಬು ಗಟ್ಟಿಯಾಗಬೇಕಾದರೆ ಅದು ಭಾರ ಹೊರಬೇಕು. ಸೈಕಲ್ಲನ್ನು ಮಾತ್ರ ನೆಚ್ಚಿದವರ ಎಲುಬುಗಳಿಗೆ ಆ ಪ್ರಚೋದನೆ ಸಾಲದು. ಆದುದರಿಂದ ನಡಿಗೆಯನ್ನು ಬಿಡದೆ, ವಾರದಲ್ಲಿ ಎರಡು ದಿನ ಬಸ್ಕಿಯಂಥ ಸ್ನಾಯುಬಲದ ವ್ಯಾಯಾಮವನ್ನೂ ಜೊತೆಗೂಡಿಸಿಕೊಳ್ಳಬೇಕು.

ಯಂತ್ರವು ಬೆಳೆದುಬಂದ ಬಗೆ

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ರಚಿಸಿದ ದ್ವಿಚಕ್ರಕ್ಕೆ ಪೆಡಲುಗಳೇ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗಬೇಕಿತ್ತು. ಮುಂದೆ ಪೆಡಲುಗಳು ಮುಂಚಕ್ರಕ್ಕೆ ನೇರವಾಗಿ ಬಂದು ಸೇರಿದವು. ಪೆಡಲು ಒಂದು ಸುತ್ತು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಆದ್ದರಿಂದ ವೇಗ ಬೇಕೆಂದರೆ ಚಕ್ರವನ್ನೇ ಹಿಗ್ಗಿಸಬೇಕಾಯಿತು. ಹಳೆಯ ಚಿತ್ರಗಳಲ್ಲಿ ಆಳೆತ್ತರದ ಮುಂಚಕ್ರದ ಮೇಲೆ ಸವಾರನು ಕುಳಿತಿರುವುದರ ಮರ್ಮವಿದು. ಅಲ್ಲಿಂದ ಬಿದ್ದರೆ ತಲೆಯೇ ಮೊದಲು ನೆಲ ಕಾಣುತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಸರಪಳಿಯ ಮೂಲಕ ಹಿಂಚಕ್ರವನ್ನು ತಿರುಗಿಸುವ ‘ರೋವರ್’ ಸೈಕಲ್ಲನ್ನು ತಂದನು. ಹಲ್ಲುಗಳ ಲೆಕ್ಕದಿಂದಲೇ ವೇಗ ದೊರೆಯುವಂತಾದುದರಿಂದ ಚಕ್ರಗಳು ಕುಗ್ಗಿ, ಸವಾರನು ನೆಲಕ್ಕೆ ಹತ್ತಿರವಾದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಇಂದಿನ ಸೈಕಲ್ಲು ಮೂಲತಃ ಈ ಎರಡರ ಸಂತಾನ.

ಕಾಲಿದ್ದಷ್ಟು ಸೀಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಸೈಕಲ್ಲಿನಲ್ಲಿ ಮಾತ್ರ ಇದನ್ನು ತಿರುಗಿಸಿ ಹೇಳಬೇಕು: ಕಾಲು ಇದ್ದಷ್ಟಕ್ಕೆ ಸೀಟನ್ನು ಏರಿಸಬೇಕು.

ಬಿಡಿಭಾಗಗಳನ್ನು ಆರಿಸಿ ತಾವೇ ಸೈಕಲ್ಲನ್ನು ಜೋಡಿಸುವುದು ಈ ಹವ್ಯಾಸದ ಒಂದು ಸೊಗಸಾದ ಅಂಗ. ಅದರ ಬೆನ್ನೆಲುಬು ಚೌಕಟ್ಟು. ಅದು ತ್ರಿಕೋನಾಕಾರದಲ್ಲಿರುವುದು ಬರಿಯ ಅಂದಕ್ಕಲ್ಲ. ನೇರ ಬಾಹುಗಳ ಆಕೃತಿಗಳಲ್ಲಿ ಮೂಲೆಗಳನ್ನು ಒತ್ತಿದರೂ ಸೊಟ್ಟಗಾಗದೆ ನಿಲ್ಲುವುದು ತ್ರಿಕೋನವೊಂದೇ. ಉತ್ತಮ ಉಕ್ಕಿನ ಕೊಳವೆಗಳು ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳ್ಳಗೂ ಇರುತ್ತವೆ. ಬಲ ಬೇಕಾದಲ್ಲಿ ಮಾತ್ರ ಲೋಹ, ಇಲ್ಲಿಯೂ ಮಿತವ್ಯಯವೇ! ಚಕ್ರದ ಕಡ್ಡಿಗಳನ್ನು ನೋಡಿರಿ. ಅಷ್ಟು ಸಪೂರವಾದ ತಂತಿಗಳು ಒಂದಾಳಿನ ಭಾರವನ್ನು ಹೊರುವುದು ಅವುಗಳನ್ನು ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುವುದರಿಂದ. ಒಂದೆರಡು ಸಡಿಲವಾದರೆ ಅವುಗಳ ಹೊರೆ ನೆರೆಯ ಕಡ್ಡಿಗಳ ಮೇಲೆ ಬಿದ್ದು ಚಕ್ರ ವಕ್ರವಾಗುತ್ತದೆ.

ಹಾಲಿನ ಕ್ಯಾನು ಹೊರುವ ನಮ್ಮ ಸಾಂಪ್ರದಾಯಿಕ ಸೈಕಲ್ಲು ಸುಮಾರು 20 ಕಿಲೋ ತೂಗುತ್ತದೆ. ರಸ್ತೆ ಸವಾರಿಯ ಹಗುರ ಸೈಕಲ್ಲು ಸಾಮಾನ್ಯವಾಗಿ 8ರಿಂದ 11 ಕಿಲೋ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 6.8 ಕಿಲೋಗಿಂತ ಹಗುರವಾದುದನ್ನು ಬಳಸಬಾರದೆಂಬ ನಿಯಮವು 2000ದಲ್ಲಿ ಬಂದಿತು. ಆದರೆ ಹವ್ಯಾಸಿಯು ಒಂದೆರಡು ಕಿಲೋ ಉಳಿಸಲು ಸಾವಿರಾರು ರೂಪಾಯಿ ಸುರಿಯುವುದಕ್ಕಿಂತ, ಸೈಕಲ್ಲು ತನ್ನ ದೇಹದ ಅಳತೆಗೆ ಹೊಂದುವಂತೆ ನೋಡಿಕೊಳ್ಳುವುದು ಮೇಲು.

ಅಳತೆಯ ಕ್ರಮ ಸುಲಭ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ತೊಡೆಗಳ ಸಂದಿಗೆ ದಪ್ಪ ಪುಸ್ತಕವೊಂದನ್ನು ಬಿಗಿಯಾಗಿ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಈ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲುಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂತರವು ಅಂದಾಜಾಗಿ ದೊರೆಯುತ್ತದೆ. ಕಾಲಿನ ಅಳತೆ 80 ಸೆಂಟಿಮೀಟರಾದರೆ ಈ ಅಂತರ ಸುಮಾರು 70.6 ಸೆಂಟಿಮೀಟರು. ಪೆಡಲು ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರಬೇಕು.

ನೋವು ಎಲ್ಲಿದೆಯೆಂಬುದರಿಂದ ತಪ್ಪು ಎಲ್ಲಿದೆಯೆಂದು ಊಹಿಸಬಹುದು. ಮೊಣಕಾಲಿನ ಮುಂಭಾಗದಲ್ಲಿ ನೋವಿದ್ದರೆ ಸೀಟು ಬಹುಶಃ ತಗ್ಗಾಗಿದೆ. ಹಿಂಭಾಗದಲ್ಲಿದ್ದರೆ, ಅಥವಾ ತುಳಿಯುವಾಗ ಸೊಂಟವು ಅತ್ತಿತ್ತ ಓಲಾಡಿದರೆ, ಎತ್ತರ ಹೆಚ್ಚಾಗಿದೆ. ಕುತ್ತಿಗೆ ನೋವು, ಕೈಬೆರಳುಗಳಲ್ಲಿ ಜೋಮು ಕಂಡುಬಂದರೆ ಹ್ಯಾಂಡಲ್ಲು ದೂರವಾಗಿದೆ ಇಲ್ಲವೆ ಕೆಳಗಿದೆ. ಕುಳಿತಾಗ ಭಾರ ಹೊರುವ ಎಲುಬುಗಳ ನಡುವಿನ ಅಂತರವು ಸ್ತ್ರೀಯರಲ್ಲಿ ಸಾಮಾನ್ಯವಾಗಿ ಹೆಚ್ಚು. ಅವರಿಗೆ ಅಗಲವಾದ ಸೀಟು ಹಿತಕರ. ತೊಡೆಸಂದಿಯಲ್ಲಿ ಜೋಮು ಮರುಕಳಿಸಿದರೆ ಅದನ್ನು ಸಹಿಸಿ ತುಳಿಯಕೂಡದು. ಸೀಟಿನ ಆಕಾರ, ಓರೆ, ಎತ್ತರ ಇವನ್ನು ಸರಿಪಡಿಸಿಕೊಳ್ಳಬೇಕು.

ಹಲ್ಲುಗಳ ಲೆಕ್ಕ

ಗೇರುಗಳಿರುವುದು ವೇಗಕ್ಕೆಂದು ಹಲವರ ಭಾವನೆ. ಮಧ್ಯವಯಸ್ಕರಿಗೆ ಅವುಗಳ ನಿಜವಾದ ಉಪಕಾರ ಮೊಣಕಾಲಿನ ರಕ್ಷಣೆ. ಉದಾಹರಣೆಗೆ, ಏರುದಾರಿಯಲ್ಲಿ ಇಬ್ಬರು ಗಂಟೆಗೆ 12 ಕಿಲೋಮೀಟರಿನಂತೆ ಹೋಗುತ್ತಿದ್ದಾರೆನ್ನೋಣ. ಒಬ್ಬನದು ಮುಂದೆ 44, ಹಿಂದೆ 18 ಹಲ್ಲುಗಳ ಗೇರಿಲ್ಲದ ಸೈಕಲ್ಲು. ಪೆಡಲಿನ ಒಂದು ಸುತ್ತಿಗೆ ಅದು ಸುಮಾರು 5.4 ಮೀಟರು ಸಾಗುತ್ತದೆ. ಆತನು ನಿಮಿಷಕ್ಕೆ 37 ಸುತ್ತು ತುಳಿಯುತ್ತಾನೆ. ಇನ್ನೊಬ್ಬನದು ಮುಂದೆ 34, ಹಿಂದೆ 28 ಹಲ್ಲುಗಳ ಹಗುರ ಗೇರು. ಒಂದು ಸುತ್ತಿಗೆ ಸುಮಾರು 2.55 ಮೀಟರು. ಆತನು 78 ಸುತ್ತು ತುಳಿಯುತ್ತಾನೆ. ಮಿಕ್ಕೆಲ್ಲವೂ ಸಮವಾಗಿದ್ದರೆ ಮೊದಲನೆಯವನ ಪ್ರತಿಯೊಂದು ತುಳಿತದ ಒತ್ತಡವು ಎರಡನೆಯವನದರ ಎರಡರಷ್ಟಕ್ಕೂ ಹೆಚ್ಚು! ಸಾಲವನ್ನು ಸಣ್ಣ ಕಂತುಗಳಲ್ಲಿ ತೀರಿಸುವುದಕ್ಕೂ ಒಂದೇ ಏಟಿಗೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವಿದು. ಸಮತಟ್ಟಾದ ದಾರಿಯಲ್ಲಿ ನಿಮಿಷಕ್ಕೆ 70ರಿಂದ 90 ಸುತ್ತು ತುಳಿಯಲು ಹಗುರವಾದ ಗೇರನ್ನು ಆರಿಸಿಕೊಳ್ಳಬೇಕು.

ಗೇರು ದುರ್ಬಲರ ಊರುಗೋಲೆಂದು ಸಂಕೋಚಪಡುವವರಿಗೆ ಒಂದು ಮಾತು. ಫ್ರಾನ್ಸಿನ ಪ್ರಖ್ಯಾತ ‘ತೂರ್ ದ ಫ್ರಾನ್ಸ್’ ಸ್ಪರ್ಧೆಯ ಸ್ಥಾಪಕ ಆನ್ರಿ ದೆಗ್ರಾಂಜ್ ಕೂಡ ಹೀಗೆಯೇ ಭಾವಿಸಿ, ಚಲಿಸುತ್ತಿರುವಾಗಲೇ ಗೇರು ಬದಲಿಸುವ ಸಾಧನವನ್ನು ಬಹುಕಾಲ ದೂರವಿಟ್ಟಿದ್ದನು. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂಚಕ್ರವನ್ನು ಕಳಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. 1937ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಜಗತ್ತಿನ ಬಲಿಷ್ಠರಾದ ಸವಾರರೇ ಇಂದು ಗೇರು ಬದಲಿಸುತ್ತ ಬೆಟ್ಟವೇರುವಾಗ ನಮಗೇಕೆ ನಾಚಿಕೆ?

ಸ್ಪರ್ಧೆಯನ್ನು ನೋಡುವ ಬಗೆ

ಈ ಸ್ಪರ್ಧೆಯು 1903ರಲ್ಲಿ ‘ಲೋತೋ’ ಎಂಬ ಪತ್ರಿಕೆಯ ಪ್ರಸಾರಕ್ಕಾಗಿ ಆರಂಭವಾಯಿತು. ಆ ವರ್ಷ ಆರು ಹಂತಗಳಲ್ಲಿ 2,428 ಕಿಲೋಮೀಟರು ದೂರ. ಹೊರಟವರು 60 ಮಂದಿ, ಮುಗಿಸಿದವರು 21. ಗೆದ್ದವನು ಮಾರಿಸ್ ಗಾರಾಂ. ಈಗ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ 21 ಹಂತಗಳಾಗಿ ಮೂರು ವಾರ ನಡೆಯುತ್ತದೆ. ಎಲ್ಲ ಹಂತಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವನಿಗೆ ಹಳದಿ ಅಂಗಿ. ಪತ್ರಿಕೆಯನ್ನು ಹಳದಿ ಕಾಗದದಲ್ಲಿ ಅಚ್ಚುಮಾಡುತ್ತಿದ್ದುದರಿಂದ 1919ರಲ್ಲಿ ಆ ಬಣ್ಣ ಬಂದಿತೆನ್ನುತ್ತಾರೆ. ಬೆಟ್ಟವೇರುವುದರಲ್ಲಿ ಅಗ್ರನಾದವನಿಗೆ ಕೆಂಪು ಚುಕ್ಕೆಗಳ ಬಿಳಿಯ ಅಂಗಿ.

ಹೊಸಬರಿಗೆ ಇದು ಬರಿಯ ಗುಂಪಿನ ಓಟದಂತೆ ಕಂಡೀತು. ಗಾಳಿಯನ್ನು ಗಮನಿಸಿದರೆ ಆಟ ತೆರೆದುಕೊಳ್ಳುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆ ತಡೆಯನ್ನು ಗೆಲ್ಲಲು ಕ್ಷಣಕ್ಷಣಕ್ಕೂ ಬೇಕಾಗುವ ಶಕ್ತಿ ಎಂಟು ಮಡಿ. ಮುಂದಿನವನ ಬೆನ್ನ ಮರೆಯಲ್ಲಿ ಸಾಗುವವನಿಗೆ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಉಳಿಯುತ್ತದೆ. ಆದುದರಿಂದ ಪ್ರತಿ ತಂಡದಲ್ಲಿಯೂ ನಾಯಕನಿಗಾಗಿ ಗಾಳಿಯನ್ನು ಸೀಳುತ್ತ, ನೀರು ತಂದುಕೊಡುತ್ತ ಸೇವೆಮಾಡುವ ಸಹಾಯಕರಿರುತ್ತಾರೆ. ನಾಯಕನು ಗಂಟೆಗಟ್ಟಲೆ ಶಕ್ತಿಯನ್ನು ಕೂಡಿಟ್ಟು ಕೊನೆಯ ಏರಿನಲ್ಲಿ ಖರ್ಚುಮಾಡುತ್ತಾನೆ. 1989ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕೊನೆಯ ದಿನದ 24.5 ಕಿಲೋಮೀಟರಿಗೆ ಹೊರಟಾಗ ಫ್ರಾನ್ಸಿನ ಲೊರಾಂ ಫಿನ್ಯೋನನಿಗಿಂತ 50 ಸೆಕೆಂಡು ಹಿಂದಿದ್ದನು. ಕೈಗಳನ್ನು ಮುಂದಕ್ಕೆ ಕೂಡಿಸಿಕೊಂಡು ಬಾಗಲು ನೆರವಾಗುವ ಹೊಸ ಹ್ಯಾಂಡಲ್ಲು ಹಿಡಿದು ಗಾಳಿಯ ತಡೆಯನ್ನು ತಗ್ಗಿಸಿದನು. ಮೂರು ವಾರಗಳ ಸ್ಪರ್ಧೆಯನ್ನು ಕೇವಲ 8 ಸೆಕೆಂಡುಗಳಿಂದ ಗೆದ್ದನು. ಫಿನ್ಯೋನನನ್ನು ಆಗ ಸೀಟಿನ ಉಜ್ಜಾಟದಿಂದಾದ ಹುಣ್ಣು ಬಾಧಿಸುತ್ತಿತ್ತು.

ಈ ಕಥೆಗೆ ಕರಾಳ ಮುಖವೂ ಉಂಟು. 1967ರ ಜುಲೈ 13ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಸುಡುಬಿಸಿಲಿನಲ್ಲಿ ಮೋಂ ವಾಂತೂ ಬೆಟ್ಟವನ್ನೇರುತ್ತಿರುವಾಗ ಕುಸಿದು ಮರಣಹೊಂದಿದನು. ಆತನ ದೇಹದಲ್ಲಿ ಆಂಫೆಟಮೀನ್ ಎಂಬ ಉತ್ತೇಜಕ ಪತ್ತೆಯಾಯಿತು. ದಣಿವೆಂಬುದು ದೇಹವು ಕಳಿಸುವ ಎಚ್ಚರಿಕೆಯ ಕಾಗದ. ಉತ್ತೇಜಕವು ಆ ಕಾಗದವನ್ನು ಹರಿದುಹಾಕುತ್ತದೆ. 2012ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ಏಳು ಪ್ರಶಸ್ತಿಗಳನ್ನು ನಿಷಿದ್ಧ ಔಷಧಗಳ ಕಾರಣದಿಂದ ರದ್ದುಪಡಿಸಲಾಯಿತು.

ಈ ಕಲೆಯನ್ನು ಕಾಣಲು ಫ್ರಾನ್ಸಿಗೇ ಹೋಗಬೇಕಾಗಿಲ್ಲ. ಮುಂಬಯಿ–ಪುಣೆ ಸೈಕಲ್ ಸ್ಪರ್ಧೆಯಲ್ಲಿ ಭೋರ್ ಘಾಟವನ್ನು ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಸಲ್ಲುತ್ತ ಬಂದಿದೆ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಅನೇಕ ಸೈಕಲ್ ಪಟುಗಳನ್ನು ನೀಡಿವೆಯೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಆರಂಭಿಸುವವರಿಗೆ ಕೆಲವು ಸೂಚನೆಗಳು

1. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇರುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಇರಲೇಬೇಕು.

2. ಮೊದಲ ತಿಂಗಳು ವಾರಕ್ಕೆ ಮೂರು ದಿನ, 20ರಿಂದ 30 ನಿಮಿಷ ಸಾಕು. ಅನಂತರ ವಾರದಿಂದ ವಾರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚಿಸಬಹುದು.

3. ತುಳಿಯುತ್ತಿರುವಾಗ ಪಕ್ಕದವರೊಡನೆ ಮಾತನಾಡಲು ಸಾಧ್ಯವಿರಬೇಕು. ಮಾತು ತುಂಡಾದರೆ ವೇಗ ತಗ್ಗಿಸಬೇಕು. ಎದೆಯಲ್ಲಿ ಬಿಗಿತ, ತಲೆಸುತ್ತು, ಎಡಗೈ ಅಥವಾ ದವಡೆಯ ನೋವು ಕಂಡುಬಂದರೆ ಕೂಡಲೇ ಇಳಿದು, ತಡಮಾಡದೆ ವೈದ್ಯಕೀಯ ನೆರವು ಪಡೆಯಬೇಕು.

4. ಬಿಸಿಲೇರುವ ಮುನ್ನ ಹಿಂದಿರುಗಬೇಕು. ಬಾಯಾರುವವರೆಗೆ ಕಾಯದೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಒಂದು ಗಂಟೆಗೂ ಮೀರಿದ ಸವಾರಿಗೆ ಬಾಳೆಹಣ್ಣು, ಶೇಂಗಾ ಉಂಡೆ ಜೊತೆಗಿರಲಿ.

5. ಹೆಲ್ಮೆಟ್ಟು, ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ಹೊರಡಬಾರದು. ಬೃಹತ್ ಸ್ಪರ್ಧೆಗಳಲ್ಲಿಯೂ ಹೆಲ್ಮೆಟ್ಟು ಕಡ್ಡಾಯವಾದುದು 2003ರಲ್ಲಿ, ಆಂದ್ರೇ ಕಿವಿಲೆವ್ ಎಂಬ ಸವಾರನು ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ. ಮಳೆಗಾಲದಲ್ಲಿ ಬ್ರೇಕು ನಿಧಾನವಾಗಿ ಹಿಡಿಯುತ್ತದೆ. ರಸ್ತೆಯ ಬಿಳಿಯ ಪಟ್ಟೆಗಳೂ ಕಬ್ಬಿಣದ ಮುಚ್ಚಳಗಳೂ ಜಾರುತ್ತವೆ.

ಆರೇಳು ತಿಂಗಳ ನಿಯಮಿತ ಅಭ್ಯಾಸವಾದ ಮೇಲೆ ಗುರಿಯೊಂದು ಬೇಕೆನಿಸಿದರೆ ‘ಬ್ರೆವೆ’ ಎಂಬ ದೂರದ ಸವಾರಿಗಳುಂಟು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಗಳ ಅವಕಾಶ. ಮೊದಲು ಬಂದವನಿಗೆ ಬಹುಮಾನವಿಲ್ಲ, ಕೊನೆಯಲ್ಲಿ ಬಂದವನಿಗೆ ಅವಮಾನವಿಲ್ಲ. ವೇಳೆಯೊಳಗೆ ಮುಗಿಸಿದವರೆಲ್ಲ ಸಮಾನರು. ಗಂಟೆಗೆ ಹದಿನೈದು ಕಿಲೋಮೀಟರಿನ ಸಮಾಧಾನದ ನಡೆಯಿಂದಲೇ ಇದು ಸಾಧ್ಯ. ಆದರೆ ಉಣ್ಣಲು, ವಿರಮಿಸಲು, ಪಂಕ್ಚರು ತಿದ್ದಲು ಹಿಡಿಯುವ ಹೊತ್ತೂ ಈ ಲೆಕ್ಕದಲ್ಲಿಯೇ ಸೇರಿರುವುದರಿಂದ, ಬೆಳಿಗ್ಗೆ ಆತುರದಿಂದ ಖರ್ಚುಮಾಡಿದವನು ಸಂಜೆ ಪರಿತಪಿಸುತ್ತಾನೆ.

ಈ ನಗರಗಳಲ್ಲಿ ನಮ್ಮ ಹಿರಿಯರು ಕಾಸಿಗೆ ಕಾಸು ಕೂಡಿಸಿ ಮನೆ ಮಾಡಿದರು, ಮಕ್ಕಳನ್ನು ಓದಿಸಿದರು, ಈ ಸಂಘಗಳನ್ನೂ ಕಟ್ಟಿದರು. ಆ ಜಾಣ್ಮೆಯನ್ನೇ ದೇಹಕ್ಕೂ ಅನ್ವಯಿಸಿದರೆ ಸಾಕು. ದಿನಕ್ಕಿಷ್ಟು ಎಂದು ಮಿತವಾಗಿ ತುಳಿದವರು ಅರವತ್ತರ ಅನಂತರವೂ ತಮ್ಮ ಕಾಲಿನ ಬಲದಿಂದಲೇ ಮನೆಯ ಮೆಟ್ಟಿಲು ಹತ್ತುವಂತಾಗಲಿ.