ಒಂದು ‘ಐತಿ’, ಇಂಗ್ಲಿಷಿನಲ್ಲಿ ಎರಡು ದಾರಿ

‘ನಾನು ರೈತ.’ ಕ್ರಿಯಾಪದವೇ ಇಲ್ಲ, ಆದರೂ ಮಾತು ಪೂರ್ತಿ. ಇದನ್ನೇ ‘ಐ ಫಾರ್ಮರ್’ ಎಂದರೆ ಇಂಗ್ಲಿಷಿನವರಿಗೆ ಅರ್ಧ ಮಾತು. ಇನ್ನೊಂದೆಡೆ ಹೊಲ ಐತಿ, ಜ್ವರ ಐತಿ, ಬಸ್ ಸ್ಟ್ಯಾಂಡಿನ್ಯಾಗ ಐತಿ: ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಎಲ್ಲಕ್ಕೂ ಒಂದೇ ‘ಐತಿ’ ಸಾಕು. ಇಂಗ್ಲಿಷ್ ಇದನ್ನು ಎರಡಾಗಿ ಒಡೆಯುತ್ತದೆ. ಎಲ್ಲಿ ಒಡೆಯುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

1. ಮೊದಲು ಪ್ರಶ್ನೆ ಕೇಳಿಕೊಳ್ಳಿ
ಯಾರು, ಹೇಗೆ, ಎಲ್ಲಿ ಎಂಬುದಕ್ಕೆ ಉತ್ತರವಾದರೆ ಆ್ಯಮ್, ಈಸ್, ಆರ್. ಯಾರ ಹತ್ತಿರ ಏನಿದೆ ಎಂಬುದಕ್ಕಾದರೆ ಹ್ಯಾವ್, ಹ್ಯಾಸ್. ‘ಹಟ್ಟಿ ಈಸ್ ಇನ್ ಲಿಂಗಸುಗೂರು ತಾಲೂಕ್’ ಎಂದರೆ ಊರು ಎಲ್ಲಿದೆ ಎಂದು ಹೇಳಿದಂತಾಯಿತು. ‘ಹಟ್ಟಿ ಹ್ಯಾಸ್ ಎ ಗೋಲ್ಡ್ ಮೈನ್’ ಎಂದರೆ ಊರಿನಲ್ಲಿ ಏನಿದೆ ಎಂದು ಹೇಳಿದಂತೆ.

2. ಜೋಡಿ ಕೂಡಿಸಿ
ಐ ಜೊತೆ ಆ್ಯಮ್. ಹೀ, ಶೀ, ಇಟ್ ಜೊತೆ ಈಸ್. ವೀ, ಯೂ, ದೇ ಜೊತೆ ಆರ್. ಇನ್ನೊಂದು ಗುಂಪು ಇನ್ನೂ ಸುಲಭ: ಹೀ, ಶೀ, ಇಟ್‌ಗೆ ಹ್ಯಾಸ್, ಉಳಿದವಕ್ಕೆಲ್ಲ ಹ್ಯಾವ್. ಊರು, ವ್ಯಕ್ತಿ, ವಸ್ತು ಯಾವುದೇ ಇರಲಿ, ಒಂದೇ ಆದರೆ ಹ್ಯಾಸ್. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಾಸನ ಮಸ್ಕಿಯದು. ಹಾಗಾಗಿ ‘ಮಸ್ಕಿ ಹ್ಯಾಸ್ ಆ್ಯನ್ ಅಶೋಕನ್ ಈಡಿಕ್ಟ್’.

3. ಗೌರವ ಬಹುವಚನಕ್ಕೆ ಮೋಸ ಹೋಗಬೇಡಿ
‘ಮಾಸ್ತರರು ಇದ್ದಾರೆ’ ಎಂಬುದನ್ನು ‘ಟೀಚರ್ ಆರ್’ ಎನ್ನುವುದು ನಮ್ಮಲ್ಲಿ ಮಾಮೂಲಿ ತಪ್ಪು. ಇಂಗ್ಲಿಷಿನಲ್ಲಿ ಒಬ್ಬರು ಎಷ್ಟೇ ದೊಡ್ಡವರಾದರೂ ಈಸ್ ಮಾತ್ರ: ‘ಮೈ ಟೀಚರ್ ಈಸ್ ಇನ್ ಸಿಂಧನೂರು’.

4. ‘ನನಗೆ’ ಕಂಡಕೂಡಲೇ ಹ್ಯಾವ್ ಹಾಕಬೇಡಿ
ನನಗೆ ಜ್ವರ ಇದೆ: ‘ಐ ಹ್ಯಾವ್ ಎ ಫೀವರ್’. ಇದು ಸರಿ. ಆದರೆ ಹಸಿವು, ಬಾಯಾರಿಕೆ, ವಯಸ್ಸು ಇಂಗ್ಲಿಷಿನಲ್ಲಿ ಹೊಂದುವಂಥವಲ್ಲ, ‘ಆಗಿರುವ’ ಸ್ಥಿತಿ. ‘ಐ ಆ್ಯಮ್ ಹಂಗ್ರಿ’, ‘ಐ ಆ್ಯಮ್ ಫಿಫ್ಟೀನ್’.

5. ‘ಇಲ್ಲ’ ಎನ್ನುವ ಬಗೆ
ಆ್ಯಮ್, ಈಸ್, ಆರ್ ಮುಂದೆ ‘ನಾಟ್’ ಸೇರಿಸಿದರೆ ಸಾಕು. ಹ್ಯಾವ್‌ಗೆ ‘ಡೋಂಟ್’ ಬೇಕು. ಹ್ಯಾಸ್‌ಗೆ ‘ಡಸಂಟ್’ ಬೇಕು. ಆಗ ಹ್ಯಾಸ್ ಮತ್ತೆ ಹ್ಯಾವ್ ಆಗುತ್ತದೆ: ‘ಶೀ ಡಸಂಟ್ ಹ್ಯಾವ್ ಎ ಪೆನ್’. ಪ್ರಶ್ನೆಗೂ ಇದೇ ದಾರಿ: ‘ಈಸ್ ಶೀ ಎ ನರ್ಸ್?’, ‘ಡಸ್ ಶೀ ಹ್ಯಾವ್ ಎ ಪೆನ್?’

6. ‘ಹ್ಯಾವಿಂಗ್’ ಬೇಡ
ನನಗೆ ಇಬ್ಬರು ಅಣ್ಣಂದಿರಿದ್ದಾರೆ ಎನ್ನಲು ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನಬೇಡಿ. ‘ಐ ಹ್ಯಾವ್’ ಎಂದರೆ ಮುಗಿಯಿತು.

ಇನ್ನು ಅಭ್ಯಾಸ. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಬಸ್ ಹತ್ತಿದಾಗ ಕಿಟಕಿ ಪಕ್ಕ ಕೂತು ಕಂಡದ್ದಕ್ಕೆಲ್ಲ ಎರಡೆರಡು ವಾಕ್ಯ ಕಟ್ಟಿ, ಒಂದು ಈಸ್‌ನಲ್ಲಿ, ಒಂದು ಹ್ಯಾಸ್‌ನಲ್ಲಿ: ‘ದಿ ಫೀಲ್ಡ್ ಈಸ್ ಗ್ರೀನ್’, ‘ದಿ ಫಾರ್ಮರ್ ಹ್ಯಾಸ್ ಎ ಟ್ರ್ಯಾಕ್ಟರ್’. ಕಂಡಕ್ಟರ್ ಚಿಲ್ಲರೆ ಕೇಳಿದಾಗ ‘ಐ ಡೋಂಟ್ ಹ್ಯಾವ್ ಚೇಂಜ್’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಜೇಬಿನಲ್ಲಿ ಚಿಲ್ಲರೆ ಇದ್ದರೆ ಮಾತ್ರ ‘ಡೋಂಟ್’ ತೆಗೆದುಬಿಡಿ.